ಪಿಲ್ಲರಿನ ರಿಂಗಿನ ಬಗ್ಗೆಯೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಮ್ಯಾನ್ಮಾರ್ ಭೂಕಂಪದ ಸುದ್ದಿಯನ್ನು ಆಗ ದಿನವೂ ಓದುತ್ತಿದ್ದೆ. 2025ರ ಮಾರ್ಚ್ 28ರ ಶುಕ್ರವಾರ ಮಧ್ಯಾಹ್ನ ಮಂಡಲೆ ಹತ್ತಿರ ನೆಲ ನಡುಗಿತು. ಸತ್ತವರ ಲೆಕ್ಕ ಮೂರು ಸಾವಿರ ದಾಟಿತು. ರಂಜಾನ್ ತಿಂಗಳ ಕೊನೆಯ ಶುಕ್ರವಾರ ಅದು. ನಮಾಜಿಗೆ ಸೇರಿದ್ದ ಜನರ ಮೇಲೇ ಮಸೀದಿಗಳು ಬಿದ್ದವು ಎಂದು ಓದಿ ಸಂಕಟವಾಯಿತು.

ನಾನು ಗೌಂಡಿ. ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನವನು. ಈಗ ಮೊಣಕಾಲು ಕೇಳುವುದಿಲ್ಲ, ಕರಣೆ ಮಗನ ಕೈಗೆ ಹೋಗಿದೆ. ಆದರೂ ಪತ್ರಿಕೆಯಲ್ಲಿ ಬಿದ್ದ ಕಟ್ಟಡದ ಚಿತ್ರ ಬಂದರೆ ಸಾಕು, ಮೊದಲು ನೋಡುವುದು ಮುರಿದ ಪಿಲ್ಲರ್. ಒಳಗಿನ ಕಬ್ಬಿಣ ಎಷ್ಟಿದೆ, ಅದನ್ನು ಸುತ್ತಿ ಹಿಡಿಯುವ ರಿಂಗು ಹೇಗೆ ಕಟ್ಟಿದ್ದಾರೆ ಅಂತ.

ಇಂಥ ದುರಂತ ಆದಾಗಲೆಲ್ಲ ಟಿವಿಯಲ್ಲಿ ಒಂದೇ ಪ್ರಶ್ನೆ. ನಮ್ಮಲ್ಲೂ ಆಗುತ್ತಾ? ಯಾವಾಗ ಆಗುತ್ತೆ? ಇಂಥ ದಿನ, ಇಂಥ ಹೊತ್ತಿಗೆ ಅಂತ ಹೇಳುವ ವಿದ್ಯೆ ಯಾರ ಹತ್ತಿರವೂ ಇಲ್ಲ. ಹಾಗಿದ್ದರೂ ಅರ್ಧ ಗಂಟೆ ಅದೇ ಚರ್ಚೆ, ಜೊತೆಗೆ ಒಬ್ಬ ಜ್ಯೋತಿಷಿ. ನಮ್ಮ ತಲೆಯ ಮೇಲೆ ಏನಿದೆ, ಅದನ್ನು ಹೊತ್ತ ಗೋಡೆ ಎಂಥದ್ದು ಅಂತ ಯಾರೂ ಕೇಳುವುದಿಲ್ಲ. ಉತ್ತರ ಸಿಗುವ ಪ್ರಶ್ನೆ ಅದೊಂದೇ.

1993ರ ಸೆಪ್ಟೆಂಬರ್ 30. ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ನಾಲ್ಕೈದು ನಿಮಿಷ ಇತ್ತು. ನಮ್ಮೂರು ಗಡಿಯ ಈಚೆ, ಮಹಾರಾಷ್ಟ್ರದ ಉಮರ್ಗಾ ತಾಲ್ಲೂಕು ಆಚೆ. ಮೊದಲು ಬಂದದ್ದು ಸದ್ದು. ತುಂಬಿದ ಲಾರಿಗಳ ಸಾಲೊಂದು ಮನೆಯ ಕೆಳಗೇ ಹಾದುಹೋದ ಹಾಗೆ. ಆಮೇಲೆ ಬೆಳಕಿಂಡಿಯಿಂದ ಮುಖದ ಮೇಲೆ ಮಣ್ಣು ಸುರಿಯಿತು. ಅಡುಗೆ ಮನೆಯಲ್ಲಿ ಒಂದರ ಮೇಲೊಂದು ಇಟ್ಟಿದ್ದ ಹಿತ್ತಾಳೆ ಕೊಡಗಳು ಉರುಳಿದವು. ಅವ್ವ ಕೂಗಿದಳು, "ಏಳ್ರೋ, ಮನಿ ನಡುಗ್ಲತ್ತದ!" ಕೂಸುಗಳನ್ನು ಎತ್ತಿಕೊಂಡು ಅಂಗಳಕ್ಕೆ ಬಂದೆವು. ಬೆಳಕು ಹರಿದ ಮೇಲೆ ನೋಡಿದರೆ ಪಡಸಾಲೆಯ ಮೂಲೆಯಲ್ಲಿ ಎರಡು ಗೋಡೆ ಒಂದನ್ನೊಂದು ಬಿಟ್ಟುಕೊಂಡಿದ್ದವು. ನಡುವೆ ನನ್ನ ಮುಷ್ಟಿ ಹೋಗುವಷ್ಟು ಸಂದು. ನಾವು ಬದುಕಿದ್ದು ದೂರದ ದೆಸೆಯಿಂದ, ಮನೆಯ ಗಟ್ಟಿತನದಿಂದ ಅಲ್ಲ.

ಮಧ್ಯಾಹ್ನದ ಹೊತ್ತಿಗೆ ಆ ಕಡೆಯಿಂದ ಬಂದ ಡ್ರೈವರ್‌ಗಳು ಹೇಳಿದರು, ಕಿಲ್ಲಾರಿ ಇಲ್ಲ, ಸಾಸ್ತೂರ ಇಲ್ಲ ಅಂತ. ಊರು ಇಲ್ಲ ಅಂದರೆ ಏನು ಅಂತ ನಮಗೆ ತಿಳಿಯಲೇ ಇಲ್ಲ. ಒಂದೆರಡು ದಿನ ಬಿಟ್ಟು ಟ್ರ್ಯಾಕ್ಟರಿನಲ್ಲಿ ರೊಟ್ಟಿ, ಸಲಿಕೆ, ಹಾರೆ ಹಾಕಿಕೊಂಡು ಹೋದೆವು. ಓಣಿ ಯಾವುದು, ಮನೆ ಯಾವುದು ಗೊತ್ತಾಗಲಿಲ್ಲ. ಕಲ್ಲಿನ ಗುಡ್ಡೆಗಳು, ಅಷ್ಟೇ. ಹಿಂದಿನ ರಾತ್ರಿ ಗಣಪತಿ ಕಳಿಸಿ, ತಡವಾಗಿ ಬಂದು ಮಲಗಿದ್ದ ಜನ ಅವರು. ಬಿದ್ದ ಮನೆಯ ತೊಲೆ, ಜಂತಿಗಳನ್ನೇ ಎಳೆದು ಚಿತೆಗೆ ಒಟ್ಟಿದ್ದರು. ಬೇರೆ ಕಟ್ಟಿಗೆ ಎಲ್ಲಿಂದ ತರಬೇಕು? ನಾನು ಆ ಊರುಗಳ ಗೌಂಡಿಗಳ ಜೊತೆ ಕೆಲಸ ಮಾಡಿದವನು. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಸುಮಾರು ಹತ್ತು ಸಾವಿರ ಜನ ಸತ್ತರು. ಭೂಕಂಪದ ಅಳತೆ 6.2. ಮ್ಯಾನ್ಮಾರ್‌ನದ್ದು 7.7. ಅಳತೆಯಲ್ಲಿ ಒಂದು ಅಂಕ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದಂತೆ. ಆ ಲೆಕ್ಕಕ್ಕೆ ನಮ್ಮದು ಅದರ ಮುಂದೆ ಏನೂ ಅಲ್ಲ. ಆದರೂ ಅಷ್ಟು ಜನ ಹೋದರು. ಯಾಕೆ? ಹೊತ್ತು ಕೆಟ್ಟದಿತ್ತು, ಎಲ್ಲರೂ ಒಳಗೆ ಮಲಗಿದ್ದರು, ನಿಜ. ನೆಲದಡಿ ಹೆಚ್ಚು ಆಳವಿಲ್ಲದ ಕಡೆ ಬಿರುಕು ಬಿಟ್ಟಿತ್ತು, ಅದೂ ನಿಜ. ಉಳಿದದ್ದಕ್ಕೆ ನಮ್ಮ ಗೋಡೆಯೇ ಕಾರಣ.

ಆ ಗೋಡೆ ಹೇಗಿರುತ್ತಿತ್ತು ಅಂತ ಈಗಿನ ಹುಡುಗರಿಗೆ ಗೊತ್ತಿಲ್ಲ, ಹೇಳುತ್ತೇನೆ. ಎರಡು ಅಡಿ, ಎರಡೂವರೆ ಅಡಿ ದಪ್ಪ. ನೋಡಿದವರು ಕೋಟೆ ಅನ್ನುತ್ತಿದ್ದರು. ಒಳಗೆ ಅದು ಒಂದು ಗೋಡೆಯೇ ಅಲ್ಲ, ಎರಡು. ಹೊರಮೈಗೆ ಒಂದು ಸಾಲು ಕಲ್ಲು, ಒಳಮೈಗೆ ಒಂದು ಸಾಲು. ನಡುವೆ ಚಿಕ್ಕ ಕಲ್ಲು, ಮಣ್ಣು ತುಂಬಿಸಿ ಮುಚ್ಚುವುದು. ಒಂದು ಮೈಯಿಂದ ಇನ್ನೊಂದು ಮೈಗೆ ಮುಟ್ಟುವ ಉದ್ದದ ಕಲ್ಲನ್ನು ಅಲ್ಲಲ್ಲಿ ಅಡ್ಡ ಹಾಕಿದರೆ ಎರಡೂ ಹಿಡಿದುಕೊಳ್ಳುತ್ತವೆ. ಉದ್ದ ಕಲ್ಲಿಗೆ ದುಡ್ಡು ಜಾಸ್ತಿ, ಹೊರುವುದೂ ಕಷ್ಟ. ಹಾಗಾಗಿ ಯಾರೂ ಹಾಕುತ್ತಿರಲಿಲ್ಲ. ನೆಲ ಅಲುಗಿದಾಗ ಹೊರಮೈ ಹೊರಗೆ ಹೋಯಿತು, ಒಳಮೈ ಮಲಗಿದವರ ಮೇಲೆ ಬಂತು.

ಅದರ ಮೇಲೆ ಮೇಲ್ಮುದ್ದೆ. ಜಂತಿ ಮೇಲೆ ಹಲಗೆ, ಹಲಗೆ ಮೇಲೆ ಮಣ್ಣು. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಸೋರದಿರಲಿ ಅಂತ ಇನ್ನಷ್ಟು ಮಣ್ಣು ಹಾಕುತ್ತೇವೆ. ಹಳೆಯದನ್ನು ತೆಗೆಯುವವರು ಕಡಿಮೆ. ಅಜ್ಜನ ಕಾಲದ ಮನೆಯ ಮೇಲೆ ಅಜ್ಜನ ಕಾಲದಿಂದ ಹಾಕಿದ ಮಣ್ಣೆಲ್ಲ ಇರುತ್ತದೆ. ಒಂದು ವಿಚಿತ್ರ ಅಲ್ಲಿ ನೋಡಿದೆ. ಕೆಲವು ಮನೆಗಳಲ್ಲಿ ಅಂಕಣದ ಕಂಬ, ತೊಲೆ ಹಾಗೇ ನಿಂತಿದ್ದವು, ಸುತ್ತಲಿನ ಗೋಡೆ ಮಾತ್ರ ಪೂರ್ತಿ ನೆಲಕ್ಕೆ. ಬಡಗಿಯ ಕೆಲಸ ತಡೆದಿತ್ತು, ನಮ್ಮ ಕೆಲಸ ತಡೆದಿರಲಿಲ್ಲ. ಗೌಂಡಿಗಳಾದ ನಾವು ಮಾತಿಲ್ಲದೆ ನೋಡಿದೆವು.

ಆಮೇಲೆ ಮಹಾರಾಷ್ಟ್ರ ಸರ್ಕಾರ ವಿಶ್ವಬ್ಯಾಂಕಿನ ಸಾಲ ತಂದು ಊರುಗಳನ್ನು ಬೇರೆ ಜಾಗದಲ್ಲಿ ಕಟ್ಟಿಸಿತು. ಜಮೀನು ಎಷ್ಟಿದೆ ಅನ್ನುವುದರ ಮೇಲೆ ಮನೆಯ ಅಳತೆ. ಭೂಮಿ ಇಲ್ಲದವನಿಗೆ ಚಿಕ್ಕದು, ಇದ್ದವನಿಗೆ ದೊಡ್ಡದು. ಭೂಕಂಪ ಯಾರ ಹೊಲದ ಉತಾರವನ್ನೂ (ಪಹಣಿಯನ್ನೂ) ಕೇಳಿರಲಿಲ್ಲ, ಆ ಮಾತು ಬೇರೆ. ಉಮರ್ಗಾ ಕಡೆ ನನಗೂ ಕೆಲಸ ಸಿಕ್ಕಿತು. ಬೀಳದೆ ಉಳಿದ ಮನೆಗಳನ್ನು ಗಟ್ಟಿ ಮಾಡುವುದನ್ನು ಅಲ್ಲೇ ಕಲಿತೆ. ಗೋಡೆಯಲ್ಲಿ ಒಂದು ಕಲ್ಲನ್ನು ನಿಧಾನ ಬಿಡಿಸಿ, ಆಚೆ ಮೈವರೆಗೆ ತೂತು ಮಾಡುವುದು. ಸುತ್ತಿಗೆಯಿಂದ ಬಡಿಯುವ ಹಾಗಿಲ್ಲ, ಗೋಡೆ ಅದುರುತ್ತದೆ. ಸಣ್ಣ ಸಲಾಕೆಯಿಂದ ಕೆದರಿ ಕೆದರಿ ಮಣ್ಣು ತೆಗೆಯಬೇಕು. ಎರಡೂ ತುದಿಗೆ ಕೊಕ್ಕೆ ಬಗ್ಗಿಸಿದ ಒಂದು ಸರಳು ಇಟ್ಟು, ತೂತಿಗೆ ಕಾಂಕ್ರೀಟ್ ತುಂಬಿ ಮುಚ್ಚುವುದು. ಸುಮಾರು ಮೂರು ಅಡಿಗೆ ಒಂದರಂತೆ ಹೀಗೆ ಮಾಡಿದರೆ ಎರಡು ಮೈಯೂ ಕಟ್ಟಿಹಾಕಿದ ಹಾಗೆ. ಮೇಲಿನ ಹೆಚ್ಚಿನ ಮಣ್ಣು ಇಳಿಸುವುದು. ಕಂಬ ತೊಲೆ ಕೂಡುವಲ್ಲಿ ಓರೆಯಾಗಿ ಒಂದು ಮರದ ಆಸರೆ ಕೊಡುವುದು. ಇಷ್ಟೇ. ಇದಕ್ಕೆ ದೊಡ್ಡ ಯಂತ್ರ ಬೇಡ, ತಾಳ್ಮೆ ಬೇಕು. ಗಡಿಯ ಆಚೆ ಕಲಿತ ಈ ಕೆಲಸವನ್ನು ಈಚೆ ನಮ್ಮ ಊರುಗಳಲ್ಲಿ ಮಾಡಿಸಿಕೊಂಡವರು ಬೆರಳೆಣಿಕೆ ಮಂದಿ. "ಆದದ್ದು ಆಗಿ ಹೋಯ್ತು, ಮತ್ತ್ಯಾಕ ಬರ್ತದ ಬಿಡು" ಅನ್ನುವವರೇ ಎಲ್ಲ.

ಕಿಲ್ಲಾರಿಯವರೂ ಹಾಗೇ ಅಂದುಕೊಂಡಿದ್ದರು. ಹಿಂದಿನ ವರ್ಷ, 1992ರ ಅಕ್ಟೋಬರ್‌ನಲ್ಲಿ, ಅಲ್ಲಿ ನೆಲ ನಡುಗಿ ಕೆಲವು ಮನೆ ಬಿರುಕು ಬಿಟ್ಟಿದ್ದವು. ಆಗಿನ ಸರ್ಕಾರಿ ಭೂಕಂಪ ನಕ್ಷೆಯಲ್ಲಿ ಆ ಸೀಮೆ ಒಂದನೇ ವಲಯ, ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ಜಾಗ. 2002ರಲ್ಲಿ ನಕ್ಷೆ ತಿದ್ದಿದಾಗ ಒಂದನೇ ವಲಯವನ್ನೇ ತೆಗೆದುಹಾಕಿದರು. ದಖ್ಖನ್ ಬಂಡೆ ಗಟ್ಟಿ, ಇಲ್ಲಿ ಏನೂ ಆಗುವುದಿಲ್ಲ ಅನ್ನುವ ಮಾತು ಮಾತ್ರ ಇನ್ನೂ ಜನರ ಬಾಯಲ್ಲಿದೆ. ನಮ್ಮ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ 2021ರ ಅಕ್ಟೋಬರ್‌ನಲ್ಲಿ ಮತ್ತೆ ಮತ್ತೆ ನೆಲ ಅಲುಗಿ, ಜನ ಹೊರಗೆ ಮಲಗಿದ್ದು ನಿಮ್ಮ ಪತ್ರಿಕೆಯಲ್ಲೇ ಬಂದಿತ್ತು. ಅವೆಲ್ಲ ಚಿಕ್ಕವು. ದೇವರ ದಯೆ.

ಭೂಕಂಪವೇ ಬೇಕಂತಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿಗೆ ಉತ್ತರ ಕರ್ನಾಟಕದಲ್ಲಿ ಹಗಲು ರಾತ್ರಿ ಸುರಿದ ಮಳೆ ನೆನಪಿದೆಯಲ್ವಾ? ಇನ್ನೂರಕ್ಕೂ ಹೆಚ್ಚು ಜನ ಹೋದರು. ಹೊಳೆಯಲ್ಲಿ ಕೊಚ್ಚಿ ಹೋದವರಂತೆ ಮನೆಯೊಳಗೆ ಗೋಡೆ, ಮಾಳಿಗೆ ಕುಸಿದು ಸತ್ತವರೂ ಇದ್ದರು. ಮೇಲ್ಮುದ್ದೆ ನೀರು ಕುಡಿದು ಭಾರವಾಗುತ್ತದೆ, ಮಣ್ಣಿನ ಗೋಡೆ ನೀರು ಕುಡಿದು ಮೆತ್ತಗಾಗುತ್ತದೆ. ಎರಡೂ ಒಟ್ಟಿಗೆ ಆದರೆ ಮುಗಿಯಿತು. ನನ್ನ ಸೋದರಮಾವನ ಮನೆ ಹಾಗೇ ಹೋಯಿತು. ಅತ್ತೆ ದನಕ್ಕೆ ಮೇವು ಹಾಕಲು ಹೊರಗೆ ಹೋಗಿದ್ದಳು, ಉಳಿದಳು. ಮಾವ ಒಳಗಿದ್ದ.

ಹಾಗಂತ ಮೇಲ್ಮುದ್ದೆ ಮನೆಯವರನ್ನು ಬೈಯುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಲ್ಲಿ ತಗಡಿನ ಕೆಳಗೆ ಕೂತು ನೋಡಿ, ಆಮೇಲೆ ಮಾತಾಡಿ. ಮಣ್ಣಿನ ಮಾಳಿಗೆ ತಂಪು. ದುಡ್ಡು ಬೇಡ, ಮೈಮುರಿದು ದುಡಿದರೆ ಸಾಕು. ಬಡವ ಬೇರೆ ಏನು ಕಟ್ಟುತ್ತಾನೆ? ಭಾರ ಇಳಿಸಿಕೊಳ್ಳಿ, ಗೋಡೆ ಕಟ್ಟಿಹಾಕಿಸಿಕೊಳ್ಳಿ ಅಂತ ಹೇಳಬಹುದು, ಕೆಡವಿ ಅಂತ ಹೇಳಲಾಗದು.

ನನಗೆ ನಿಜವಾದ ಸಿಟ್ಟು ಇರುವುದು ದುಡ್ಡಿದ್ದೂ ಹಾಳು ಮಾಡುವವರ ಮೇಲೆ. ಈಗ ಊರಲ್ಲೂ ಎಲ್ಲ ಸ್ಲ್ಯಾಬಿನ ಮನೆ. ಕಲ್ಲು ಮಣ್ಣು ಹೋಯಿತು, ಇನ್ನು ಭಯ ಇಲ್ಲ ಅಂದುಕೊಂಡಿದ್ದಾರೆ. 2001ರ ಜನವರಿ 26ರಂದು ಕಛ್‌ನಲ್ಲಿ ಭೂಕಂಪ ಆದಾಗ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಅಹಮದಾಬಾದಿನಲ್ಲಿ ಕಾಂಕ್ರೀಟ್ ಕಟ್ಟಡಗಳೇ ಬಿದ್ದವು. ಕೆಳಗೆ ಗೋಡೆಯಿಲ್ಲದೆ ಬರೀ ಪಿಲ್ಲರ್ ನಿಲ್ಲಿಸಿ ಗಾಡಿ ನಿಲ್ಲಿಸಲು ಜಾಗ ಬಿಟ್ಟ ಕಟ್ಟಡಗಳು ಅವುಗಳಲ್ಲಿ ಬಹಳ. ಈಗ ಕಲಬುರಗಿಯಲ್ಲಿ ಯಾವ ಬಡಾವಣೆಗೆ ಹೋದರೂ ಅದೇ ನಮೂನೆ. ಮ್ಯಾನ್ಮಾರ್ ಭೂಕಂಪದ ದಿನ ಬ್ಯಾಂಕಾಕ್‌ನಲ್ಲಿ ಕಟ್ಟುತ್ತಿದ್ದ ಮೂವತ್ತು ಮಹಡಿ ದಾಟಿದ ಕಟ್ಟಡ ಕುಸಿಯಿತು, ಭೂಕಂಪ ಆದ ಜಾಗದಿಂದ ಸುಮಾರು ಸಾವಿರ ಕಿಲೋಮೀಟರ್ ದೂರ. ಅದೇ ಊರಿನ ಉಳಿದ ಎತ್ತರದ ಕಟ್ಟಡಗಳು ತೂಗಾಡಿ, ಮಾಳಿಗೆಯ ಈಜುಕೊಳದ ನೀರು ಚೆಲ್ಲಿ, ನಿಂತೇ ಇವೆ.

ಪಿಲ್ಲರಿನ ಉದ್ದ ಸರಳುಗಳನ್ನು ಸುತ್ತಿ ಕಟ್ಟುವ ತೆಳು ಕಬ್ಬಿಣದ ಚೌಕ ಇರುತ್ತದಲ್ಲ, ಅದಕ್ಕೆ ನಾವು ರಿಂಗು ಅನ್ನುತ್ತೇವೆ. ಕಟ್ಟಡ ಅತ್ತಿತ್ತ ತೂಗಿದಾಗ ಕಾಂಕ್ರೀಟ್ ಒಡೆಯುತ್ತದೆ, ಸರಳು ಹೊರಕ್ಕೆ ಉಬ್ಬುತ್ತದೆ. ಆಗ ಹಿಡಿದಿಡುವುದು ರಿಂಗು ಮಾತ್ರ. ಪಿಲ್ಲರಿನ ಬುಡದಲ್ಲಿ, ಬೀಮ್ ಕೂಡುವ ಕಡೆ, ನಾಲ್ಕು ಇಂಚಿಗೆ ಒಂದು ಬೇಕು. ನಡುವೆ ಸ್ವಲ್ಪ ದೂರವಾದರೂ ನಡೆಯುತ್ತದೆ. ರಿಂಗಿನ ತುದಿಯನ್ನು ಬರೀ ಮೂಲೆಮಟ್ಟಕ್ಕೆ (90 ಡಿಗ್ರಿ) ಬಗ್ಗಿಸಿದರೆ ಸಾಲದು, ಇನ್ನೂ ಒಳಕ್ಕೆ, 135 ಡಿಗ್ರಿ ಬಗ್ಗಿಸಿ ಪಿಲ್ಲರಿನ ಹೊಟ್ಟೆಯೊಳಗೆ ಸೇರಿಸಬೇಕು. ಇಲ್ಲದಿದ್ದರೆ ಮೇಲಿನ ಕಾಂಕ್ರೀಟ್ ಉದುರಿದ ಕೂಡಲೇ ಬಿಚ್ಚಿಕೊಳ್ಳುತ್ತದೆ. ಒಂದು ರಿಂಗಿಗೆ ಇದರಿಂದ ನಾಲ್ಕು ಬೆರಳು ಕಬ್ಬಿಣ ಜಾಸ್ತಿ, ಕಬ್ಬಿಣ ಬಗ್ಗಿಸುವ ಹುಡುಗನಿಗೆ ಒಂದು ಬಗ್ಗು ಜಾಸ್ತಿ. ಈ ನಿಯಮ 1993ರಿಂದಲೇ ಸರ್ಕಾರದ ಕಟ್ಟಡ ನಿಯಮಗಳ ಪುಸ್ತಕದಲ್ಲಿದೆ. ನಾನು ಕಟ್ಟಿಸಲು ಹೇಳಿದಾಗ ಒಬ್ಬ ಮಾಲೀಕರು ನಕ್ಕರು. ಗೇಟಿಗೆ, ಟೈಲ್ಸಿಗೆ ಲಕ್ಷಗಟ್ಟಲೆ ಹಾಕಿದ ಮನುಷ್ಯ. "ರಿಂಗು ಯಾರಿಗೆ ಕಾಣ್ತದ, ಒಂಬತ್ತು ಇಂಚಿಗೊಂದು ಹಾಕು" ಅಂದರು. ಆ ಕೆಲಸ ಬಿಟ್ಟು ಬಂದೆ. ಬೇರೆ ಗೌಂಡಿ ಬಂದು ಮುಗಿಸಿದ. ಮನೆ ಚೆಂದ ಇದೆ.

ಈಗ ನನ್ನ ಬೇಡಿಕೆ. ನಿಮ್ಮಲ್ಲಿ ಮನೆ ಕಟ್ಟುವವರಿಗೆ ಅಂತ ವಾರಕ್ಕೊಂದು ಪುಟ ಬರುತ್ತದೆ. ಅಡುಗೆ ಮನೆ ಯಾವ ಮೂಲೆಗಿರಬೇಕು, ಬಾಗಿಲು ಯಾವ ದಿಕ್ಕಿಗಿರಬೇಕು ಅಂತ ವಾಸ್ತು ಬರೆಯುತ್ತೀರಿ. ಬರೆಯಿರಿ, ಜನ ಓದುತ್ತಾರೆ. ಅದರ ಪಕ್ಕ ಅಂಗೈಯಗಲ ಜಾಗದಲ್ಲಿ ರಿಂಗಿನ ಒಂದು ಚಿತ್ರ ಹಾಕಿ. ಸರಿ ಬಗ್ಗಿಸಿದ್ದು ಒಂದು, ತಪ್ಪು ಬಗ್ಗಿಸಿದ್ದು ಒಂದು. ಸುಮ್ನೆ ಬಾಯಲ್ಲಿ ನಾನು ಹೇಳಿದರೆ ಮಾಲೀಕ ನಂಬುವುದಿಲ್ಲ, ಪೇಪರಿನಲ್ಲಿ ಬಂದದ್ದನ್ನು ಕತ್ತರಿಸಿ ತೋರಿಸಿದರೆ ನಂಬುತ್ತಾನೆ.

ಇನ್ನೊಂದು ಮಾತು ಸರ್ಕಾರಕ್ಕೆ. ಬಸವ ವಸತಿಯಂಥ ಯೋಜನೆಯಲ್ಲಿ ಬಡವರಿಗೆ ಮನೆ ಕೊಡುವಾಗ ಹಂತ ಹಂತಕ್ಕೆ ಫೋಟೊ ತೆಗೆದ ಮೇಲೇ ದುಡ್ಡು ಬರುತ್ತದೆ. ತಳಪಾಯಕ್ಕೊಂದು, ಲಿಂಟಲ್‌ಗೊಂದು, ಚಾವಣಿಗೊಂದು. ಇಂಥ ಚಿಕ್ಕ ಮನೆಗೆ ಜೀವ ಲಿಂಟಲ್ ಪಟ್ಟಿಯಲ್ಲಿದೆ, ಅಂದರೆ ಬಾಗಿಲು ಕಿಟಕಿಯ ಮೇಲ್ಮಟ್ಟದಲ್ಲಿ ಸರಳು ಇಟ್ಟು ಹಾಕುವ ಕಾಂಕ್ರೀಟ್ ಪಟ್ಟಿಯಲ್ಲಿ. ಅದು ಬಾಗಿಲು ಕಿಟಕಿ ಮೇಲೆ ತುಂಡು ತುಂಡಾಗಿ ಇದ್ದರೆ ಪ್ರಯೋಜನವಿಲ್ಲ. ನಾಲ್ಕೂ ಗೋಡೆಯ ಮೇಲೆ ಸುತ್ತ ಓಡಬೇಕು, ಮೂಲೆಯಲ್ಲಿ ಸರಳು ತುಂಡಾಗಬಾರದು, ಬಗ್ಗಿ ತಿರುಗಬೇಕು. ತೆಗೆದ ಫೋಟೊದಲ್ಲೇ ಇದು ಎದ್ದು ಕಾಣುತ್ತದೆ. ನಮ್ಮೂರಲ್ಲಿ ತೆಗೆಯುವಾಗ ನೋಡಿದ್ದೇನೆ. ಫಲಾನುಭವಿ ಗೋಡೆ ಮುಂದೆ ನಿಂತಿರುತ್ತಾನೆ, ಮುಖ ಸರಿಯಾಗಿ ಬರಬೇಕು ಅಂತ ಎರಡೆರಡು ಸಲ ತೆಗೆಯುತ್ತಾರೆ. ಅವನನ್ನು ಒಂದು ಹೆಜ್ಜೆ ಪಕ್ಕಕ್ಕೆ ಸರಿಸಿ, ಕಾಂಕ್ರೀಟ್ ಹಾಕುವ ಮುಂಚೆ ಮೂಲೆಯ ಸರಳು ಕಾಣುವ ಹಾಗೆ ಇನ್ನೊಂದು ತೆಗೆಯಲಿ. ಪಟ್ಟಿ ಸುತ್ತ ಓಡದಿದ್ದರೆ ಕಂತು ತಡೆಯಲಿ. ಇದಕ್ಕೆ ಹೊಸ ಕಾನೂನೂ ಬೇಡ, ಹೊಸ ಖರ್ಚೂ ಇಲ್ಲ.

ಇಂತಿ,
ಒಬ್ಬ ಹಳೆಯ ಗೌಂಡಿ,
ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ