ಅಪ್ಪಾ, ಆ ನೋಟೇಶನ್ ಬುಕ್ ಎಲ್ಲೈತಿ?

ಸ್ಟುಟ್‌ಗಾರ್ಟ್ ಹತ್ರ, ಜರ್ಮನಿ, ನವೆಂಬರ್ 16, 2025, ರವಿವಾರ ರಾತ್ರಿ

ಪ್ರೀತಿಯ ಅಪ್ಪಗ, ಅವ್ವಗ, ಪ್ರಭುವಿನ ನಾಮದಾಗ ವಂದನೆಗಳು.

ಅವ್ವ ಫೋನಿನ್ಯಾಗ ಹೇಳಿದ್ಲು, ಅಪ್ಪ ಮೂರು ರವಿವಾರ ಆತು ಚರ್ಚಿಗೆ ಹೋಗವಲ್ಲ, ಪೇಪರ್ ಹಿಡ್ಕೊಂಡು ಕಟ್ಟಿ ಮ್ಯಾಲ ಕುಂದರ್ತಾನ, ಚರ್ಚಿನ ಗಂಟಿ ಹೊಡದ್ರ ಒಳಗ ಬಂದು ಟಿವಿ ಜೋರ್ ಮಾಡ್ತಾನ ಅಂತ. ಮೊದ್ಲು ನಕ್ಕಬಿಟ್ಟೆ. ಆಮ್ಯಾಲ ನೈಟ್ ಡ್ಯೂಟಿಯಾಗ ಅದ ತಲ್ಯಾಗ ತಿರಗಾಕ ಹತ್ತಿತು, ಮೂವತ್ತು ವರ್ಷ ಚರ್ಚಿನ ಕ್ವಾಯರಿನ್ಯಾಗ ದಪ್ಪ ದನಿಲೆ ಬೇಸ್ ಹಾಡಿದ ಮನಷ್ಯಾ, ಜ್ವರ ಬಂದ್ರೂ ಮಫ್ಲರ್ ಸುತ್ತಿಕೊಂಡು ಹೋಗಂವ. ಅದಕ್ಕ ಉದ್ದ ಬರ್ಯಾಕ ಕುಂತೀನಿ, ಫೋನಿನ್ಯಾಗ ಹೇಳಾಕ ಹೋದ್ರ ನೀ ನಡುಕ ಬಾಯಿ ಹಾಕ್ತಿ.

ಚರ್ಚ್ ಕಮಿಟಿ ಎಲೆಕ್ಷನ್ ಆದ ಮ್ಯಾಲ ನೀ ಚರ್ಚಿನ ಅಂಗಡಿ ಬಾಡಗಿ ಲೆಕ್ಕ ಕೇಳಿದ್ದಕ್ಕ "ಇಂವಗ ಕಮಿಟಿಯಾಗ ಸೀಟ್ ಸಿಗಲಿಲ್ಲಂತ ಹೊಟ್ಟಿ ಉರಿ" ಅಂದ್ರಂತ. ಅದೂ ಕರ್ತನ ಭೋಜನದ ರವಿವಾರ, ಚರ್ಚಿನ ಬಾಗಲದಾಗ. ಕೇಳಿ ನನಗೂ ಸಿಟ್ಟು ಬಂತು, ಸುಳ್ಳ ಹೇಳಂಗಿಲ್ಲ. ಲೆಕ್ಕ ಕೇಳೋದು ತಪ್ಪಲ್ಲ.

ಇಲ್ಲಿದೂ ಕೇಳು. ನಾ ಬಂದ ಹೊಸತಾಗ ಟೌನ್ ಆಫೀಸಿನ್ಯಾಗ ಅಡ್ರೆಸ್ ಬರಸಾಕ ಹೋದಾಗ ಧರ್ಮ ಯಾವ್ದು ಅಂತ ಒಂದು ಕಾಲಂ ಇತ್ತು, ನಾ ಖುಷಿಲೇ ಪ್ರೊಟೆಸ್ಟಂಟ್ ಅಂತ ಬರದೆ. ಮುಂದಿನ ತಿಂಗಳ ಪಗಾರ ಚೀಟಿಯಾಗ ಚರ್ಚ್ ಟ್ಯಾಕ್ಸ್ ಕಟ್! ಈ ರಾಜ್ಯದಾಗ ಇನ್‌ಕಮ್ ಟ್ಯಾಕ್ಸಿನ 8 ಪರ್ಸೆಂಟ್. ಪಗಾರದ್ದಲ್ಲ, ಟ್ಯಾಕ್ಸಿಂದು, ಅಂದ್ರ 400 ಯೂರೋ ಟ್ಯಾಕ್ಸ್ ಹೋದ್ರ ಅದರ ಮ್ಯಾಲ ಇನ್ನೊಂದು 32 ಯೂರೋ. ನೀ ದಶಮಾಂಶದ ಲಕೋಟಿ ಮ್ಯಾಲ ಹೆಸರು ಬರದು ಹಾಕ್ತಿ, ಇಲ್ಲಿ ಸರಕಾರನ ವಸೂಲಿ ಮಾಡಿ ಚರ್ಚಿಗೆ ಕೊಡತೈತಿ. ಬ್ಯಾಡಂದ್ರ ಆಫೀಸಿಗೆ ಹೋಗಿ ಚರ್ಚಿನ ಸಭೆ ಬಿಟ್ಟೀನಿ ಅಂತ ಒಂದು ಸಹಿ, ಸ್ವಲ್ಪ ಫೀ, ಮುಗೀತು. 2023ರಾಗ ಇಡೀ ಜರ್ಮನಿಯಾಗ ಪ್ರೊಟೆಸ್ಟಂಟ್ ಸಭೆಯಿಂದ ಹಿಂಗ ಹೋದವರು ಸುಮಾರು 3 ಲಕ್ಷ 80 ಸಾವಿರ ಮಂದಿ. ನನ್ನ ವಾರ್ಡಿನ್ಯಾಗ ಕೆಲಸ ಮಾಡೋ ಹುಡುಗಿ ಒಬ್ಬಾಕಿ ಊಟದ ಬ್ರೇಕಿನ್ಯಾಗ ಹೋಗಿ ಸಹಿ ಮಾಡಿ ಬಂದ್ಲು, ಬರೋವಾಗ ಸ್ಯಾಂಡ್‌ವಿಚ್ ತಂದ್ಲು. ಜಗಳ ಏನರ ಆಗಿತ್ತೇನು ಅಂದೆ. ಇಲ್ಲಾ, ಜಗಳ ಆಡೋವಷ್ಟು ಯಾರೂ ಗೊತ್ತಿರಲಿಲ್ಲ ಅಂದ್ಲು. ಆ ಮಾತು ನನಗ ಭಾಳ ದಿವಸ ಬಿಡಲಿಲ್ಲ ಅಪ್ಪಾ.

ನಾ ಹೋಗೋ ಚರ್ಚ್ ದೊಡ್ಡದು, ಕಲ್ಲಿಂದು, ಆರ್ಗನ್ ಐತಿ. ಮಂದಿ ಮೂವತ್ತೋ ನಲವತ್ತೋ, ಹೆಚ್ಚಾನೆಚ್ಚು ಅಜ್ಜಿಗೋಳು. ಟ್ಯಾಕ್ಸ್ ರೊಕ್ಕ ಕಮ್ಮಿ ಆಗಾಕತ್ತೈತಂತ ಸಭೆ ಹಾಲ್ ಮಾರೂಣು ಅಂತ ಮಾತು ಬಂತು, ಅದಕ್ಕ ಮೀಟಿಂಗ್. ಯಾರೂ ಒದರಲಿಲ್ಲ, ಕುರ್ಚಿ ಎತ್ತಲಿಲ್ಲ, ಒಬ್ಬೊಬ್ಬರ ಕೈ ಎತ್ತಿ ಮಾತಾಡಿದ್ರು. ಒಬ್ಬ ಅಜ್ಜಿ ಎದ್ದು, ಈ ಹಾಲಿನ ಅಡಗಿಮನಿಯಾಗ ನಲವತ್ತು ವರ್ಷ ಪಾತ್ರಿ ತಿಕ್ಕೀನಿ ಅಂತ ಅಷ್ಟ ಅಂದು ಕುಂತ್ಲು. ಚಾ ಸೈತ ಕುಡೀದ ಎಲ್ಲಾರೂ ಮನಿಗೆ ಹೋದ್ರು. ನಮ್ಮ ಕಡೆ ಆಗಿದ್ರ ಒದರಾಡಿ, ಒಬ್ಬರು ಎದ್ದು ಹೋಗಿ, ಅವರ ಮನಿಗೆ ಪಾದ್ರಿ ಅಯ್ಯನವರು ಹೋಗಿ, ಅಲ್ಲಿ ಅವಲಕ್ಕಿ ತಿಂದು, ಮತ್ತ ಚರ್ಚಿನ ಸುಗ್ಗಿ ಹಬ್ಬದ ಹರಾಜಿನ್ಯಾಗ ಅವರ ಒಂದು ತೆಂಗಿನಕಾಯಿಗೆ ಸಾವಿರ ರೂಪಾಯಿ ಕೂಗ್ತಿದ್ರು. ಇಲ್ಲೂ ಚರ್ಚ್ ಎಲೆಕ್ಷನ್ ಐತಿ ಮತ್ತ, ಆರು ವರ್ಷಕ್ಕೊಮ್ಮೆ, ಈ 30ಕ್ಕ. ಹದಿನಾಲ್ಕು ವರ್ಷದ ಹುಡುಗೂರೂ ವೋಟ್ ಹಾಕಬಹುದು, ಚೀಟಿ ಮನಿಗೆ ಪೋಸ್ಟಿನ್ಯಾಗ ಬರತೈತಿ. ನಿಂಗ ಇದು ಸೇರತೈತಿ ಅಂತ ಬರದೆ.

ಈಗ ನನ್ನ ಜಗಳ ಹೇಳ್ತೀನಿ, ಇದನ್ನ ಅವ್ವಗೂ ಹೇಳಿರಲಿಲ್ಲ. ನಾವು ಈ ಕಡೆ ಇರೋ ಕನ್ನಡದವ್ರು, ಕೆಲವು ಮಲಯಾಳಿ, ತಮಿಳು ನರ್ಸ್‌ಗೋಳು ತಿಂಗಳಿಗೊಮ್ಮೆ ಪ್ರಾರ್ಥನೆಗೆ ಕೂಡ್ತೀವಿ, ತಲಿಗೆ 10 ಯೂರೋ ಹಾಕ್ತೀವಿ, ಕಷ್ಟದಾಗ ಇದ್ದವ್ರಿಗೆ ಅಂತ. ಮಾರ್ಚಿನ್ಯಾಗ ನಾ ಲೆಕ್ಕ ಕೇಳಿದೆ. ಹೌದಪಾ, ನಿನ್ನ ಮಗಳ ನಾ. ಆದ್ರ ಹೆಂಗ ಕೇಳಿದೆ ಅಂದ್ರ, ಲೇಟ್ ಶಿಫ್ಟ್ ಮುಗಿಸಿ ಬಂದು ರಾತ್ರಿ ಒಂದು ಗಂಟೆಕ್ಕ ವಾಟ್ಸಾಪ್ ಗ್ರೂಪಿನ್ಯಾಗ, ನಲವತ್ತು ಮಂದಿ ಎದುರು, ಲೆಕ್ಕ ಇಟ್ಟ ಅಕ್ಕನ ಹೆಸರು ಹಾಕಿ. ಬೆಳಗ್ಗೆ ಎದ್ದು ನೋಡಿದ್ರ ಆಕಿ ಲೆಫ್ಟ್. ಆಕಿ ಹಿಂದ ಇನ್ನೂ ಆರು ಮಂದಿ ಲೆಫ್ಟ್. ಆಮ್ಯಾಲ ನನಗೂ ನಾಚಿಕಿ ಆಗಿ ನಾನೂ ಲೆಫ್ಟ್. ಮೂರು ತಿಂಗಳು ಎಲ್ಲೂ ಹೋಗಲಿಲ್ಲ, ಆ ಪ್ರಾರ್ಥನೆಗೂ ಇಲ್ಲ, ಈ ಕಲ್ಲಿನ ಚರ್ಚಿಗೂ ಇಲ್ಲ. ಮನ್ಯಾಗ ಮೊಬೈಲಿನ್ಯಾಗ ಪ್ರಸಂಗ ಕೇಳಿ ಆಮೆನ್ ಅಂದು ಬಟ್ಟಿ ತೊಳೀತಿದ್ದೆ. ಮಜಾ ಏನಂದ್ರ ಆರಾಮ ಅನಸ್ತಿತ್ತು. ಯಾರ ಮಾರಿನೂ ನೋಡೋದಿಲ್ಲ, ಯಾರಿಗೂ ಕ್ಷಮಾ ಕೇಳೋದಿಲ್ಲ, ದೇವರು ನಾನು ಇಬ್ಬರ. ನಾನೂ ಭಾಳ ಒಳ್ಳೆಯಾಕಿ ಆಗಿದ್ದೆ ಆ ಮೂರು ತಿಂಗಳು, ಜಗಳ ಆಡಾಕ ಮಂದಿನ ಇರಲಿಲ್ಲಲ್ಲ!

ಜೂನ್‌ದಾಗ ಒಂದಿನ ಟ್ರೇನ್ ಕ್ಯಾನ್ಸಲ್, ರಾತ್ರಿ ಹತ್ತೂವರಿ, ಸ್ಟೇಷನ್ ಹೊರಗ ನಿಂತಿದ್ದೆ, ಅದ ಅಕ್ಕನ ಕಾರು ಬಂದು ನಿಂತಿತು. ಕಾರ್ ಹತ್ತು ಅಂದ್ಲು. ಇಪ್ಪತ್ತು ನಿಮಿಷ ಇಬ್ಬರೂ ಮಾತಿಲ್ಲ, ವೈಪರ್ ಸಪ್ಪಳ ಅಷ್ಟ. ಮನಿ ಮುಂದ ಇಳಸಿ ಆಕಿ ಅಂದ್ಲು, ಲೆಕ್ಕ ಬರದೀನಿ ಆದ್ರ ಮೂರು ನೋಟ್‌ಬುಕ್ಕಿನ್ಯಾಗ ಚೆಲ್ಲಾಪಿಲ್ಲಿ ಆಗೈತಿ, ತೋರಸಾಕ ನಾಚಿಕಿ ಬರ್ತಿತ್ತು, ನೀ ಬಂದು ಕೂಡು. ಕುಂತ್ವಿ, ಎರಡು ಶನಿವಾರ, ಆಕಿ ಮನ್ಯಾಗ ಜೋಳದ ರೊಟ್ಟಿ ತಿನ್ಕೋತ. 35 ಯೂರೋ ಹೊಂದಲಿಲ್ಲ. ಇನ್ನೂ ಹೊಂದಿಲ್ಲ. ಈಗ ಇಬ್ಬರ ಸಹಿ ಇಲ್ಲದ ರೊಕ್ಕ ತಗ್ಯಾಂಗಿಲ್ಲ. ಆಕಿ ನನ್ನ ಪೂರಾ ಕ್ಷಮಿಸ್ಯಾಳಂತ ನನಗ ಅನಸೂದಿಲ್ಲ, ಗ್ರೂಪಿನ್ಯಾಗ ನಾ ಏನರ ಹಾಕಿದ್ರ ಆಕಿ ಬ್ಲೂ ಟಿಕ್ ಅಷ್ಟ ಕೊಡ್ತಾಳ. ಆದ್ರ ನನ್ನ ಬಾಜೂಕ ಕುಂದರ್ತಾಳ.

ಹಳೇ ರೋಗ ಇದು. ಬೈಬಲ್ಲಿನ್ಯಾಗ ನೋಡು, ಫಿಲಿಪ್ಪಿ ಸಭೆಯಾಗ ಯುವೊದ್ಯ, ಸಂತುಕೆ ಅಂತ ಇಬ್ಬರು ಹೆಂಗಸರು, ಒಂದ ಮನಸ್ಸಿಲೇ ಇರ್ರಿ ಅಂತ ಪೌಲ ಪತ್ರದಾಗ ಬೇಡ್ಕೋತಾನ, ಜಗಳ ಯಾಕ ಅಂತ ಮಾತ್ರ ಬರದಿಲ್ಲ, ನನಗೇನೋ ಕಾಣಿಕೆ ಲೆಕ್ಕನ ಇರಬೇಕು ಅನಸ್ತೈತಿ. ಕಿಟೆಲ್ ಸಾಹೇಬ್ರದೂ ಹಂಗ. 1894ರಾಗ ಮಂಗಳೂರಾಗ ಅಚ್ಚಾದ ಆ ದಪ್ಪ ಡಿಕ್ಷನರಿ ನೀ ನನಗ ಸಣ್ಣಾಕಿ ಇದ್ದಾಗ ತೋರಿಸಿದ್ದಿ ನೆನಪೈತಿ? ಜೊತಿಗಿನ ಮಿಶನರಿಗಳ ಕೂಡ ಅವ್ರಿಗೆ ಭಾಳ ಹೊಂದಿಕಿ ಇರಲಿಲ್ಲಂತ, ಆದ್ರೂ ಮಿಶನ್ನಿನ ಕೆಲಸ ಬಿಡಲಿಲ್ಲ. ಅವರು 1903ರಾಗ ತೀರಿಕೊಂಡ ಟ್ಯೂಬಿಂಗನ್ ಇಲ್ಲಿಂದ ಟ್ರೇನಿನ್ಯಾಗ ಸುಮಾರು ಒಂದ ತಾಸು. ರಜಾ ಸಿಕ್ಕಾಗ ಹೋಗಿ ಬರ್ತೀನಿ.

ಹೋಗು ಅಂತ ನಾ ಹೇಳಂಗಿಲ್ಲ ಅಪ್ಪಾ, ನಿನಗ ಹೇಳಾಕ ನಾ ಯಾರು. ಲೆಕ್ಕನೂ ಬಿಡಬ್ಯಾಡ, ಕೇಳು, ಆದ್ರ ಬರದು ಕೊಡು, ಬಾಗಲದಾಗ ನಿಂತು ಬ್ಯಾಡ.

ಕೆಲಸದ ಮಾತು ಅಂದ್ರ ಇದು. ಡಿಸೆಂಬರ್ 20ಕ್ಕ ನಾವೆಲ್ಲಾ ಕೂಡಿ ಕನ್ನಡದಾಗ ಎರಡು ಕ್ರಿಸ್ಮಸ್ ಹಾಡು ಹಾಡಬೇಕಂತ ಮಾಡೀವಿ, ರಾಗ ಎರಡೂ ಇಲ್ಲೇದ, ಆರ್ಗನ್ ಬಾರಸೋ ಅಜ್ಜ ಒಮ್ಮೆ ಕೇಳಿ ಕಣ್ಣ ಅಗಲ ಮಾಡಿದ. ಮ್ಯಾಲಿನ ದನಿ ಸೊಪ್ರಾನೋಕ್ಕ ನಾವೆಲ್ಲಾ ಅದೀವಿ. ಬೇಸ್ ಹಾಡಾಕ ಇಬ್ಬರು ಹುಡುಗರು ಸಿಕ್ಕಾರ ಆದ್ರ ಪಾರ್ಟ್ ಯಾರಿಗೂ ಗೊತ್ತಿಲ್ಲ. ನೀ ಮೊಬೈಲಿನ್ಯಾಗ ಹಾಡಿ ರೆಕಾರ್ಡ್ ಮಾಡಿ ಕಳಸು, ಫ್ಯಾನ್ ಬಂದ್ ಮಾಡಿ ಹಾಡು, ಹೋದ ಸಲ ಬರೇ ಗಾಳಿ ಕೇಳ್ತಿತ್ತು. ಎರಡನೇದು ಬಾಯಿಪಾಠ ಇಲ್ಲಂತ ನನಗ ಗೊತ್ತೈತಿ. ನಿನ್ನ ನೋಟೇಶನ್ ಬುಕ್ ಕ್ವಾಯರ್ ಕಪಾಟಿನ್ಯಾಗ ಐತಿ, ಮ್ಯಾಲಿನ ಖಾನೆ, ಎಡಕ್ಕ. ಕೀಲಿ ರವಿವಾರ ಅಷ್ಟ ತಗೀತಾರಲ್ಲ?

ಅವ್ವಾ, ಮಸಾಲಿ ಖಾರ ಮುಗದೈತಿ.

ನಿಮ್ಮ ಮಗಳು