ಟ್ರೈಲರ್ ಬಾಗಿಲ ಲಾಕ್ ರೀಕಾಲ್: ನಿಮ್ಮ ಗಾಡಿ ಅದರಲ್ಲಿ ಇದೆಯಾ ನೋಡಿಕೊಳ್ಳಿ

ಅಮೆರಿಕದಲ್ಲಿ ಮುಚ್ಚಿದ ಕಾರ್ಗೋ ಟ್ರೈಲರ್ ಇಟ್ಟುಕೊಂಡಿರುವ ಸದಸ್ಯರ ಗಮನಕ್ಕೆ.

ನಿಮ್ಮ ಟ್ರೈಲರಿಗೆ ಲಾಕ್ ದೋಷದ ರೀಕಾಲ್ (ದೋಷ ಸರಿಪಡಿಸಲು ತಯಾರಕರು ಗಾಡಿ ವಾಪಸ್ ಕರೆಯುವುದು) ಇದೆಯೇ ಎಂದು ನೋಡಲು 17 ಅಕ್ಷರ-ಅಂಕಿಗಳ ವಿನ್, ಅಂದರೆ ಗಾಡಿಯ ಗುರುತಿನ ಸಂಖ್ಯೆ, ಬೇಕು. ಸಾಮಾನ್ಯವಾಗಿ ಮುಂಭಾಗದ ಎಡಬದಿಯ ಸ್ಟಿಕ್ಕರ್‌ನಲ್ಲಿರುತ್ತದೆ. ಅದನ್ನು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ ಹಾಕಿ. ಏನೂ ಬರಲಿಲ್ಲ ಅಂತ ಸುಮ್ಮನಾಗಬೇಡಿ. ಕೆಲವು ಸಣ್ಣ ತಯಾರಕರ ಗಾಡಿಗಳು ವಿನ್ ಹುಡುಕಾಟದಲ್ಲಿ ಸಿಗುವುದೇ ಇಲ್ಲ, ಟ್ರೈಲರ್ ಕಟ್ಟುವವರಲ್ಲಿ ಸಣ್ಣವರೇ ಜಾಸ್ತಿ. ಬ್ರ್ಯಾಂಡ್, ವರ್ಷ ಕೊಟ್ಟೂ ಹುಡುಕಿ, ಇಲ್ಲವೇ ಅದೇ ಸಂಸ್ಥೆಯ 888-327-4236ಕ್ಕೆ ಫೋನ್ ಮಾಡಿ. ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ ನೋಟಿಸ್ ಹಳೇ ಮಾಲೀಕರ ವಿಳಾಸಕ್ಕೆ ಹೋಗಿರಬಹುದು. ಮೊದಲ ಮಾರಾಟದಿಂದ 15 ವರ್ಷದೊಳಗಿನ ಗಾಡಿಗೆ ರೀಕಾಲ್ ರಿಪೇರಿ ಉಚಿತ.

ರಿಪೇರಿ ಆಗುವವರೆಗೆ ಪಕ್ಕದ ಬಾಗಿಲು ಹಾಕಿ, ಹ್ಯಾಂಡಲ್ ಮುಟ್ಟದೆ ಅಂಚು ಹಿಡಿದು ಜಗ್ಗಿ ನೋಡಿ. ಕಟಕಟ ಅಲುಗಾಡಿದರೆ ಲಾಕಿನ ನಾಲಿಗೆ ಚೌಕಟ್ಟಿನ ಪ್ಲೇಟಿನೊಳಗೆ ಪೂರ್ತಿ ಕೂತಿಲ್ಲದಿರಬಹುದು, ಅಥವಾ ಸ್ಕ್ರೂ ಸಡಿಲವಾಗಿರಬಹುದು. ಚಕ್ರ ರಸ್ತೆ ಗುಂಡಿಗೆ ಇಳಿದು ಫ್ರೇಮ್ ತಿರುಚಿದರೆ ಸಾಕು, ಬಾಗಿಲು ಬಿಚ್ಚಿಕೊಳ್ಳಬಹುದು. ಅಂಥ ಗಾಡಿಯನ್ನು ಹೈವೇಗೆ ತರಲೇಬೇಡಿ. ಹೊರಗಿನ ಕ್ಯಾಮ್ ಬಾರ್‌ಗೆ (ಬಾಗಿಲು ಬಿಗಿಯುವ ಉದ್ದನೆಯ ಸರಳು) ಪ್ಯಾಡ್‌ಲಾಕ್ ಹಾಕುವವರು ಮೊದಲು ಒಳಗೆ ಯಾರಾದರೂ ಇದ್ದಾರಾ ಬಗ್ಗಿ ನೋಡಿ: ಅದನ್ನು ಒಳಗಿನಿಂದ ತೆಗೆಯಲು ಬರುವುದಿಲ್ಲ.