ಕೆಂದಳಿಲು ಎಣಿಕೆ: ಈ ಭಾನುವಾರ ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 6ಕ್ಕೆ ದೇವರಕಾಡಿನ ಹತ್ತಿರ ಸೇರೋಣ. ದಯವಿಟ್ಟು ತಡ ಮಾಡಬೇಡಿ. ಬಿಸಿಲೇರಿದ ಮೇಲೆ ಕೆಂದಳಿಲು (ಕಾಡಿನ ದೊಡ್ಡ ಕೆಂಪು ಅಳಿಲು) ಕೊಂಬೆಗೆ ಅಂಟಿಕೊಂಡು ಮಲಗಿಬಿಡುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ.

ಗೂಡು ಕಂಡರೂ ಬರೆದುಕೊಳ್ಳಿ. ಮರದ ತುದಿಯ ಸಣ್ಣ ಕೊಂಬೆಗಳಲ್ಲಿ ಎಲೆ, ಕಡ್ಡಿ ಸೇರಿಸಿ ಕಟ್ಟಿದ ದೊಡ್ಡ ಉಂಡೆ ಅದು. ಒಂದೇ ಅಳಿಲು ಹಲವು ಗೂಡು ಕಟ್ಟುತ್ತದೆ. ಹಾಗಾಗಿ ಮೂರು ಗೂಡು ಅಂದರೆ ಮೂರು ಅಳಿಲು ಅಂತ ಲೆಕ್ಕ ಹಾಕಬೇಡಿ.

ಹೋದ ವಾರ ರಸ್ತೆ ಪಕ್ಕದ ಹೆಬ್ಬಲಸಿನ ಮರದಲ್ಲಿ ಒಂದು ಅಳಿಲು ಹಿಂಗಾಲಲ್ಲಿ ನೇತಾಡುತ್ತಾ ಹಣ್ಣು ತಿನ್ನುತ್ತಿತ್ತು. ಆಮೇಲೆ ಆಚೆ ಬದಿಗೆ ದಾಟಲು ಎರಡು ಸಲ ಕೊಂಬೆಯ ತುದಿವರೆಗೆ ಬಂದು ಹಿಂದೆ ಹೋಯಿತು. ಸುಮಾರು 20 ಅಡಿ ಜಿಗಿಯುವ ಪ್ರಾಣಿಗೂ ರಸ್ತೆ ದಾಟಲು ಆಗಲಿಲ್ಲ! ನೆಲಕ್ಕೆ ಇಳಿಯುವುದು ತುಂಬಾ ಅಪರೂಪ. ನೋಡಿ ಹೊಟ್ಟೆ ಉರಿಯಿತು. ಹೀಗೆ ಕೊಂಬೆಗೆ ಕೊಂಬೆ ಕೂಡದ ಜಾಗ ಎಲ್ಲೆಲ್ಲಿದೆ ಅಂತ ಫೋಟೊ, ಲೊಕೇಶನ್ ಸಮೇತ ನನಗೆ ಕಳಿಸಿ. ಅರಣ್ಯ ಇಲಾಖೆಗೆ ಕೊಡಲು ಈಗ ಇದೇ ಜಾಸ್ತಿ ಬೇಕಾಗಿದೆ.

ಗೂಡಿನ ಲೊಕೇಶನ್ ಬೇರೆ ಗುಂಪಿಗೆ ಫಾರ್ವರ್ಡ್ ಮಾಡಬೇಡಿ. ತೋಟದವರ ಜೊತೆ ವಾದ ಬೇಡ. ಅಳಿಲು ತೆಂಗಿನಕಾಯಿ ಕೊರೆದರೆ ಅವರಿಗೆ ನಷ್ಟವೇ ಅಲ್ವಾ? ಅದನ್ನೂ ಬರೆದುಕೊಳ್ಳಿ.

ಬರುವವರು ಶನಿವಾರ ರಾತ್ರಿಯೊಳಗೆ ಹೆಸರು ಹಾಕಿ.